ಟೋಪನ್ ಕಾಲದ ಕೆಂಪು ಕಾರ್ಡು

ಕಾಲೇಜಿನ ಆಟದ ಮೈದಾನವನ್ನು ಅಗೆದು ಹಾಕಿದ್ದರಿಂದ ಪೀಪಿ ಮೇಷ್ಟ್ರು ಇಂಗ್ಲಿಷ್ ಸಾಹಿತ್ಯದ ವಿದ್ವಾಂಸರಾದರು. ಮೈದಾನಕ್ಕೂ ಸಾಹಿತ್ಯಕ್ಕೂ ಎತ್ತಣ ಸಂಬಂಧ ಎಂದು ಕೇಳುವವರು ಯಾವ ಕಾಲೇಜಿನಲ್ಲೂ ಕೆಲಸ ಮಾಡಿದವರಲ್ಲ. ಅಂಥವರ ಜೊತೆ ನನಗೆ ಮಾತಿಲ್ಲ.

ನಡೆದದ್ದು ಇಷ್ಟು. ಪ್ರಾಂಶುಪಾಲರಿಗೆ ಹೊಸ ಸಭಾಭವನ ಕಟ್ಟಿಸುವ ಹುಮ್ಮಸ್ಸು ಬಂತು. ಮೈದಾನದ ನಟ್ಟನಡುವೆ ಗುಂಡಿ ತೋಡಿಸಿ ನಾಲ್ಕು ಕಂಬ ಎಬ್ಬಿಸಿದರು. ಕಂಬಗಳು ಆಕಾಶ ನೋಡುತ್ತಾ ನಿಂತವು, ಕಂಟ್ರಾಕ್ಟರು ಬೇರೆ ಊರು ನೋಡಿಕೊಂಡ. ವ್ಯಾಯಾಮ ಶಿಕ್ಷಕರಾದ ಪೀಪಿ ಮೇಷ್ಟ್ರಿಗೆ ಓಡಿಸಲು ಹುಡುಗರಿದ್ದರು, ಓಡಿಸಲು ನೆಲ ಇರಲಿಲ್ಲ. ಕೊರಳಲ್ಲಿ ಪೀಪಿ, ಜೇಬಲ್ಲಿ ಹಳದಿ ಕಾರ್ಡು, ಕೆಂಪು ಕಾರ್ಡು. ಅವರು ಕಂಬದಿಂದ ಕಂಬಕ್ಕೆ ಸುತ್ತು ಹಾಕುತ್ತಾ ಅಲ್ಲಿ ಮಲಗಿದ ನಾಯಿಗಳಿಗೆ ಪೀಪಿ ಊದುತ್ತಿದ್ದರು. ನಾಯಿಗಳೂ ಏಳುವುದನ್ನು ಬಿಟ್ಟವು.

ಒಂದು ದಿನ ಪ್ರಾಂಶುಪಾಲರು ಕರೆಸಿದರು.

"ಮೇಷ್ಟ್ರೇ, ನಿಮಗೀಗ ಎರಡೇ ದಾರಿ. ಒಂದು, ಉಗ್ರಾಣದಲ್ಲಿ ಕೂತು ಮುರಿದ ಕುರ್ಚಿ ಕಾಯೋದು. ಇನ್ನೊಂದು, ಇಂಗ್ಲಿಷ್ ಮೇಡಂ ಹೆರಿಗೆ ರಜ ಹೋಗ್ತಿದಾರೆ, ಅವರ ಕ್ಲಾಸು ನೋಡ್ಕೊಳ್ಳೋದು."

"ಸಾರ್, ನಾನು ಓದಿರೋದು ವ್ಯಾಯಾಮ."

"ಹುಡುಗರು ತೆಪ್ಪಗೆ ಕೂತ್ರೆ ಸಾಕು. ಗಲಾಟೆ ಸದ್ದು ನನ್ನ ಕೋಣೆಗೆ ಬಂತೋ, ಮಾರನೇ ದಿನವೇ ಉಗ್ರಾಣ."

ಉಗ್ರಾಣ ಎಂದರೆ ಮೇಷ್ಟ್ರ ಎದೆ ಧಸಕ್ಕೆನ್ನುತ್ತಿತ್ತು. ಅಲ್ಲಿನ ಇಲಿಗಳಿಗೆ ಹೆದರಿ ಅಲ್ಲ. ಅವರು ಹೆದರುತ್ತಿದ್ದದ್ದು ಹೆಂಡತಿಯ ತಮ್ಮನಿಗೆ. ಔಷಧದ ಅಂಗಡಿ ಇಟ್ಟ ಆ ಭಾಮೈದ, ನೆಂಟರು ಸೇರಿದ ಕಡೆಯಲ್ಲೆಲ್ಲ, "ಭಾವ ಬಂದ್ರು, ಎಲ್ಲರೂ ಎದ್ದು ನಿಲ್ಲಿ. ಇಲ್ಲಾಂದ್ರೆ ಓಡಿಸಿಬಿಡ್ತಾರೆ" ಎನ್ನುವವನು. ಭಾವ ಉಗ್ರಾಣ ಸೇರಿದ ಸುದ್ದಿ ಅವನ ಕಿವಿಗೆ ಬಿದ್ದರೆ, ಕೆಮ್ಮಿನ ಔಷಧದ ಜೊತೆ ಊರಿಗೆಲ್ಲ ಹಂಚಿಬಿಡುತ್ತಿದ್ದ.

ಮೇಷ್ಟ್ರು ಮನೆಗೆ ಬಂದು, ಒಗೆದ ಬಟ್ಟೆ ಮಡಿಸುತ್ತಿದ್ದ ಹೆಂಡತಿಯ ಮುಂದೆ ಎದೆ ಸೆಟೆಸಿ ನಿಂತರು.

"ನಾಳೆಯಿಂದ ನಾನು ಇಂಗ್ಲಿಷ್ ಸಾಹಿತ್ಯ ಪಾಠ ಮಾಡ್ತೀನಿ."

ಹೆಂಡತಿ ಒಂದು ಕಾಲುಚೀಲದ ಜೋಡಿ ಹುಡುಕುತ್ತಾ, "ಮಾಡದೆ ಏನು. ನಿಮ್ಮಂಥ ಮೇಧಾವಿ ಅವರಿಗೆ ಬೇರೆ ಎಲ್ಲಿ ಸಿಗಬೇಕು" ಎಂದಳು.

ಮೇಷ್ಟ್ರು ಬೀಗಿದರು. ಹೆಂಡತಿಯಾದವಳು ಹೀಗಿರಬೇಕು ಎಂದುಕೊಂಡರು.

ಇಂಗ್ಲಿಷ್ ಮೇಡಂ ರಜಕ್ಕೆ ಹೋಗುವ ದಿನ ಸಿಬ್ಬಂದಿ ಕೋಣೆಯಲ್ಲಿ ತಮ್ಮ ಮೇಜು ಖಾಲಿ ಮಾಡುತ್ತಾ ಮೇಷ್ಟ್ರಿಗೆ ಪಾಠ ಒಪ್ಪಿಸಿದರು. ಅವರದು ದೊಡ್ಡ ಹೊಟ್ಟೆ, ಸಣ್ಣ ಧ್ವನಿ, ಅಪಾರ ತಾಳ್ಮೆ.

"ಸಾರ್, ಮುಖ್ಯ ವಿಷಯ ಒಂದೇ. ಪದ್ಯದಲ್ಲಿ ಕವಿ ಯಾರನ್ನೋ ಹೊಗಳ್ತಾನೆ ಅಂದ್ಕೊಳ್ಳಿ. ಅದು ನಿಜವಾದ ಹೊಗಳಿಕೆಯೋ, ಗೇಲಿಯೋ, ಅದನ್ನ ಪತ್ತೆ ಮಾಡ್ಬೇಕು. ಅದಕ್ಕೆ ಮೊದಲು ಪದ್ಯ ಯಾವ ಕಾಲದ್ದು ಅಂತ ಕೇಳ್ಬೇಕು."

"ಕಾಲ ಹೇಗೆ ಗೊತ್ತಾಗುತ್ತೆ?"

ಮೇಡಂ ಮೇಷ್ಟ್ರಿಗೆ ತಿಳಿಯುವಂತೆ ಬಿಡಿಸಿ ಹೇಳಿದರು. ತೀರಾ ಹಳೆಯದು ಕತ್ತಿ ಕಾಲ. ವೀರರನ್ನು ಹೊಗಳಿದರೆ ಹೊಗಳಿದ ಹಾಗೆಯೇ. ಗೇಲಿ ಮಾಡಿದರೆ ತಲೆ ಹೋಗುತ್ತಿತ್ತು. ಆಮೇಲೆ ಗುಲಾಬಿ ಕಾಲ. ಪ್ರೇಮಿಗಳು ಚಂದ್ರ, ಮುತ್ತು, ಹವಳ ಎಂದು ಬಡಾಯಿ ಬಿಡುತ್ತಾರೆ, ಅರ್ಧ ನಂಬಬೇಕು. ಅದಾದ ಮೇಲೆ ಟೋಪನ್ ಕಾಲ. ಕವಿಗಳೆಲ್ಲ ತಲೆಗೆ ಬಿಳಿ ಕೂದಲಿನ ಟೋಪನ್ ಇಟ್ಟುಕೊಂಡು, ಸಾಲುಗಳನ್ನು ಎರಡೆರಡಾಗಿ ಜೋಡಿ ಕಟ್ಟಿ, ಕೊನೆಯಲ್ಲಿ ಪ್ರಾಸ ಕೂಡಿಸಿ, ನಗುನಗುತ್ತಾ ಎದುರಾಳಿಯ ಮಾನ ಕಳೆಯುತ್ತಿದ್ದ ಕಾಲ. ಅನಂತರ ಹೊಳೆ ಕಾಲ. ಬೆಟ್ಟ, ತೊರೆ, ಕಣ್ಣೀರು, ಎಲ್ಲ ಮನಸಾರೆ. ಕೊನೆಯದು ಹೊಗೆ ಕಾಲ. ಅದು ಬರೆದವನಿಗೂ ಅರ್ಥವಾಗಬೇಕಿಲ್ಲ.

"ಟೋಪನ್ ಕಾಲದಲ್ಲಿ ಮಾತ್ರ ಹುಷಾರು ಸಾರ್. ಸಣ್ಣ ವಿಷಯಕ್ಕೆ ದೊಡ್ಡ ಮಾತು ಬಂದ್ರೆ ಅನುಮಾನಪಡಿ. ಹೊಗಳಿಕೆ ಹೆಚ್ಚಾದಷ್ಟೂ ಪೆಟ್ಟು ಹೆಚ್ಚು. ಹಾಗಂತ ಎಲ್ಲಾ ಕಡೆಗೂ..."

ಅಷ್ಟರಲ್ಲಿ ಗಂಟೆ ಹೊಡೆಯಿತು. ಗಂಟೆ ಹೊಡೆದ ಮೇಲೆ ನಿಂತಲ್ಲಿ ನಿಲ್ಲುವ ಅಭ್ಯಾಸ ಮೇಷ್ಟ್ರಿಗೆ ಇರಲಿಲ್ಲ. ಅವರು ಓಡಿಯೇ ಬಿಟ್ಟರು. "ಹಾಗಂತ ಎಲ್ಲಾ ಕಡೆಗೂ" ಆದಮೇಲೆ ಮೇಡಂ ಏನು ಹೇಳಿದರೋ ಅದು ಖಾಲಿ ಮೇಜಿಗೆ ಮಾತ್ರ ಗೊತ್ತು. ಮುಂದಿನ ಅನಾಹುತವೆಲ್ಲ ಆ ಕೇಳದ ಅರ್ಧ ಮಾತಿನೊಳಗೇ ಇತ್ತು.

ತರಗತಿಯಲ್ಲಿ ಮೇಷ್ಟ್ರು ತಮಗೆ ಗೊತ್ತಿದ್ದ ವಿದ್ಯೆಯನ್ನೇ ಬಳಸಿದರು. ಪದ್ಯವನ್ನು ಪಂದ್ಯದ ಹಾಗೆ ಆಡಿಸಿದರು. ಒಬ್ಬ ಓದಬೇಕು. ಬಡಾಯಿ ಕಂಡಲ್ಲಿ ಹಳದಿ ಕಾರ್ಡು. ಗೇಲಿ ಸಿಕ್ಕಲ್ಲಿ ಒಂದು ಉದ್ದ ಪೀಪಿ, ಕೆಂಪು ಕಾರ್ಡು. ಟೋಪನ್ ಕಾಲದ ಪದ್ಯವೊಂದರಲ್ಲಿ ರಾಣಿಯೊಬ್ಬಳ ಬೆಕ್ಕನ್ನು ಕವಿ ಚಕ್ರವರ್ತಿ ಎಂದು ಕೊಂಡಾಡಿದ್ದ. ಇಡೀ ತರಗತಿ, ರಟ್ಟಿನಲ್ಲಿ ಕತ್ತರಿಸಿ ತಂದಿದ್ದ ಕೆಂಪು ಕಾರ್ಡುಗಳನ್ನು ಒಟ್ಟಿಗೆ ಎತ್ತಿತು. ಹೊರಗೆ ಹೋಗುತ್ತಿದ್ದ ಲೆಕ್ಕಶಾಸ್ತ್ರದ ಹುಡುಗರೂ ಕಿಟಕಿಗೆ ಜೋತುಬಿದ್ದರು. ಮೇಡಂ ಇದ್ದಾಗ ಹಿಂದಿನ ಬೆಂಚಿನಲ್ಲಿ ನಿದ್ದೆ ಹೊಡೆಯುತ್ತಿದ್ದವರು ಈಗ ಮುಂದಿನ ಬೆಂಚಿಗೆ ನೂಕಾಡುತ್ತಿದ್ದರು. ಪೀಪಿ ಊದಿದರೆ ಸೂಜಿ ಬಿದ್ದರೂ ಕೇಳುವಷ್ಟು ಮೌನ. ಗಲಾಟೆ ಸದ್ದು ಪ್ರಾಂಶುಪಾಲರ ಕೋಣೆಗೆ ಹೋಗಲೇ ಇಲ್ಲ. ಪೀಪಿಯ ಸದ್ದು ಹೋಯಿತು, ಅದಕ್ಕೆ ಆ ಕೋಣೆ ಮೊದಲಿನಿಂದಲೂ ಒಗ್ಗಿತ್ತು.

ರೋಗ ಕಾಲೇಜಿನ ಗೇಟು ದಾಟಲು ತಡವಾಗಲಿಲ್ಲ. ಹುಡುಗಿಯೊಬ್ಬಳು, "ನನ್ನ ಸೊಸೆಯಂಥ ಸೊಸೆ ಯಾರಿಗೂ ಸಿಗೋಲ್ಲ ಕಣೇ" ಎಂದ ಅಜ್ಜಿಗೆ ಅಡುಗೆಮನೆಯಲ್ಲೇ ಕೆಂಪು ಕಾರ್ಡು ತೋರಿಸಿದಳಂತೆ. ಎರಡು ಹೊತ್ತು ಆ ಮನೆಯಲ್ಲಿ ಒಲೆ ಹೊತ್ತಲಿಲ್ಲ. ಕ್ಷೌರಿಕ ಗಿರಾಕಿಯೊಬ್ಬನಿಗೆ, "ನಿಮ್ಮ ಕೂದಲು ಕಾಡಿದ್ದಂಗಿದೆ ಸಾರ್" ಎಂದು ಉಪಚಾರದ ಮಾತಾಡಿದ. ಪಕ್ಕದ ಕುರ್ಚಿಯ ವಿದ್ಯಾರ್ಥಿ, ಗಿರಾಕಿಯ ಬೋಳು ನೆತ್ತಿ ನೋಡಿ, "ಟೋಪನ್ ಕಾಲ" ಎಂದ. ಗಿರಾಕಿ ಅರ್ಧ ಗಡ್ಡದಲ್ಲಿ ಎದ್ದು ಹೋದ.

ಮೇಷ್ಟ್ರಿಗೆ ಇದೆಲ್ಲ ಹೆಮ್ಮೆಯ ವಿಷಯ. ಆದರೆ ವಿದ್ಯೆ ಒಮ್ಮೆ ಮನೆಯೊಳಗೆ ಕಾಲಿಟ್ಟರೆ ಯಜಮಾನನನ್ನೂ ಬಿಡುವುದಿಲ್ಲ. ಒಂದು ಭಾನುವಾರ ಅವರು ಗೋಡೆಗೆ ಮೊಳೆ ಹೊಡೆಯಲು ಹೋಗಿ ಹೆಬ್ಬೆರಳು ಜಜ್ಜಿಕೊಂಡು, ಗೋಡೆಯ ಗಾರೆಯನ್ನೂ ಒಂದು ತಟ್ಟೆಯಷ್ಟು ಉದುರಿಸಿದರು. ಹೆಂಡತಿ ಬಾಗಿಲಲ್ಲಿ ನಿಂತು, "ಆಹಾ, ನಿಮ್ಮ ಕೈಗುಣವೇ ಕೈಗುಣ. ಮನೆ ಪೂರ್ತಿ ಬಿದ್ದಿಲ್ಲ, ನಮ್ಮ ಪುಣ್ಯ" ಎಂದಳು.

ಮೇಷ್ಟ್ರು ಬೆರಳು ಬಾಯಲ್ಲಿಟ್ಟುಕೊಂಡೇ ಸ್ತಬ್ಧರಾದರು. ಸಣ್ಣ ವಿಷಯ. ದೊಡ್ಡ ಮಾತು. ಕೈ ತಾನಾಗಿ ಜೇಬಿಗೆ ಹೋಗಿ ಕೆಂಪು ಕಾರ್ಡು ಎತ್ತಿತು.

"ಏನ್ರೀ ಅದು?"

"ಇದು ಗೇಲಿ ಕಣೇ."

"ಇವತ್ತು ಗೊತ್ತಾಯ್ತಾ?"

"ಹಾಗಾದ್ರೆ ಮೇಧಾವಿ ಅಂದದ್ದು?"

ಹೆಂಡತಿ ಪೊರಕೆ ತರಲು ಹೋದಳು. ಮೇಷ್ಟ್ರು ಗಾರೆಯ ಪುಡಿಯ ಮೇಲೆ ಕೂತು ಮದುವೆಯಾದಂದಿನಿಂದ ಕೇಳಿದ ಹೊಗಳಿಕೆಗಳನ್ನೆಲ್ಲ ಒಂದೊಂದಾಗಿ ಕರೆದು ತಪಾಸಣೆ ಮಾಡಿದರು. ಯಾವುದೂ ಪಾಸಾಗಲಿಲ್ಲ. ತಮ್ಮ ಮನೆ ಇಷ್ಟು ಕಾಲ ಟೋಪನ್ ಕಾಲದಲ್ಲೇ ನಡೆದಿತ್ತು. ಅವರಿಗೆ ಸಿಟ್ಟೂ ಬಂತು, ತಮ್ಮ ವಿದ್ಯೆಯ ಬಗ್ಗೆ ಹೆಮ್ಮೆಯೂ ಬಂತು. ಹೆಮ್ಮೆ ಗೆದ್ದಿತು. ಅವರ ಜಾಯಮಾನವೇ ಹಾಗೆ.

ಇಂಥ ಹೊತ್ತಿನಲ್ಲಿ ಪ್ರಾಂಶುಪಾಲರಿಗೆ ಇಲಾಖೆಯಿಂದ ಅತ್ಯುತ್ತಮ ಪ್ರಾಂಶುಪಾಲ ಪ್ರಶಸ್ತಿ ಬಂತು. ಇಲಾಖೆಯ ನಿರ್ದೇಶಕರೇ ಬಂದು ಕೊಡುತ್ತಾರೆಂದು ಸುದ್ದಿಯಾಯಿತು. ಸಭಾಭವನ ಇಲ್ಲವಲ್ಲ, ಆ ನಾಲ್ಕು ಕಂಬಗಳ ನಡುವೆಯೇ ಶಾಮಿಯಾನ ಹಾಕುವುದೆಂದಾಯಿತು. ಊರಿನ ಗಣ್ಯರಿಗೆಲ್ಲ ಆಹ್ವಾನ ಹೋಯಿತು. ಔಷಧ ಅಂಗಡಿಯ ಭಾಮೈದನೂ ಗಣ್ಯ. ಪ್ರಾಂಶುಪಾಲರ ಮೊಣಕಾಲು ನೋವಿಗೆ ಮುಲಾಮು ಕೊಡುತ್ತಿದ್ದವನು ಅವನೇ.

ಸಮಾರಂಭದ ಹಿಂದಿನ ದಿನ ಪ್ರಾಂಶುಪಾಲರು ಮೇಷ್ಟ್ರ ಕೈಗೆ ಚೌಕಟ್ಟು ಹಾಕಿಸಿದ ಒಂದು ಇಂಗ್ಲಿಷ್ ಪದ್ಯ ಕೊಟ್ಟರು. ಚಿನ್ನದ ಬಣ್ಣದ ಅಂಚು. ಕೆಳಗೆ "ಒಬ್ಬ ಅಭಿಮಾನಿ" ಎಂದಷ್ಟೇ ಇತ್ತು.

"ಯಾರೋ ಅಭಿಮಾನಿ ನನ್ನ ಮೇಲೆ ಬರೆದಿದಾರೆ. ಬೇಡ ಅಂದ್ರೂ ಕೇಳ್ಲಿಲ್ಲ. ಇಂಗ್ಲಿಷ್ ಮೇಡಂ ಇಲ್ಲ, ನೀವೇ ವೇದಿಕೆ ಮೇಲೆ ಓದಿ, ಜನಕ್ಕೆ ಅರ್ಥ ಬಿಡಿಸಿ ಹೇಳ್ಬೇಕು. ಕವಿಯ ಮನಸ್ಸಲ್ಲಿ ಏನಿದೆಯೋ ಅದು ಪೂರ್ತಿ ಹೊರಗೆ ಬರ್ಲಿ. ನನಗೆ ಮುಜುಗರ ಆಗುತ್ತೆ ಅಂತ ಏನೂ ಮುಚ್ಚಿಡ್ಬೇಡಿ."

"ಚೆನ್ನಾಗಿ ಹೇಳಿದ್ರೆ?" ಎಂದರು ಮೇಷ್ಟ್ರು.

"ಉಗ್ರಾಣದ ಮಾತು ಇನ್ನು ಎತ್ತೋದಿಲ್ಲ. ಕೆಟ್ಟರೆ ಮಾತ್ರ, ಬೀಗದ ಕೈ ಗುಮಾಸ್ತರ ಹತ್ರ ಇದೆ."

ಮೇಷ್ಟ್ರು ಚೌಕಟ್ಟನ್ನು ಎದೆಗೊತ್ತಿಕೊಂಡು ಆಫೀಸಿಗೆ ಬಂದು, ಗುಮಾಸ್ತರ ಮೇಜಿನ ಮೇಲೆ ಮಲಗಿಸಿ ಓದಿದರು. ಓದುತ್ತಿದ್ದಂತೆ ಬೆವರಿದರು. ಸಾಲುಗಳು ಎರಡೆರಡಾಗಿ ಜೋಡಿ ನಿಂತಿದ್ದವು. ಕೊನೆಯಲ್ಲಿ ಪ್ರಾಸ. ಕಾರಿಡಾರು, ಮೇಜಿನ ದೀಪ, ಅರ್ಜಿ, ಕಂಬ, ಎಲ್ಲ ಸಣ್ಣ ವಿಷಯ. ಸೂರ್ಯ, ಸಾಗರ, ಸಿಂಹಾಸನ, ಎಲ್ಲ ದೊಡ್ಡ ಮಾತು.

"ಗುಮಾಸ್ತರೇ, ಇದು ಅಪ್ಪಟ ಟೋಪನ್ ಕಾಲ."

ಗುಮಾಸ್ತರು ಟೈಪು ಮಾಡುತ್ತಿದ್ದವರು ನಿಲ್ಲಿಸಿದರು. ಆ ಪದ್ಯವನ್ನೂ ಅವರೇ ಟೈಪು ಮಾಡಿದ್ದರು. ಯಾರ ಬಾಯಿಂದ ಕೇಳಿ ಟೈಪು ಮಾಡಿದ್ದು ಎಂಬುದು ಅವರಿಗೂ ಪ್ರಾಂಶುಪಾಲರಿಗೂ ಮಾತ್ರ ಗೊತ್ತು. "ಮೇಷ್ಟ್ರೇ, ಸುಮ್ನೆ ಇದ್ದದ್ದು ಇದ್ದ ಹಾಗೆ ಹೊಗಳಿ ಕೂತ್ಕೊಳ್ಳಿ. ನನ್ನ ಮಾತು ಕೇಳಿ."

"ಹೇಗ್ರೀ ಹೊಗಳ್ಲಿ? ಯಾವನೋ ಕಿಡಿಗೇಡಿ ನಮ್ಮ ಸಾಹೇಬ್ರ ಮಾನ ಕಳೆಯೋಕೆ ಬರೆದಿದಾನೆ. ಪಾಪ, ಅವರು ನಂಬಿ ಚೌಕಟ್ಟು ಹಾಕಿಸಿದಾರೆ. ನಾಳೆ ನಾನೇ ಅವನ ಬಣ್ಣ ಬಯಲು ಮಾಡ್ತೀನಿ. ಉಪ್ಪು ತಿಂದಿದೀನಿ."

"ನಿಮ್ಮ ಕಾಲಿಗೆ ಬೀಳ್ತೀನಿ ಮೇಷ್ಟ್ರೇ."

"ಹೆದರ್ಬೇಡಿ. ನಾನಿದೀನಿ."

ಗುಮಾಸ್ತರು ಹೆದರಿದ್ದೇ ಅದಕ್ಕೆ.

ಮರುದಿನ ಶಾಮಿಯಾನ ತುಂಬಿತು. ಮುಂದಿನ ಸಾಲಿನಲ್ಲಿ ಭಾಮೈದ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಅವನ ಪಕ್ಕ ಅಕ್ಕ. ನಿರ್ದೇಶಕರು ದಪ್ಪ ಮೈಯ, ಅರೆನಿದ್ದೆಯ ಮನುಷ್ಯ. ಸ್ವಾಗತ ಭಾಷಣದಲ್ಲಿ ಕಣ್ಣು ಮುಚ್ಚಿದವರು ವರದಿ ವಾಚನದಲ್ಲಿ ಸಣ್ಣಗೆ ಗೊರಕೆ ಹೊಡೆದರು. ಪ್ರಾಂಶುಪಾಲರು ಹೊಸ ಕೋಟು ಹಾಕಿ, ಮುಖದಲ್ಲಿ ವಿನಯ ತಂದುಕೊಂಡು ಕೂತಿದ್ದರು. ಆಗ ಪೀಪಿ ಮೇಷ್ಟ್ರು ಎದ್ದರು. ಭಾಮೈದ ಅಕ್ಕನ ಕಿವಿಯಲ್ಲಿ, "ಈಗ ನಮ್ಮನ್ನೆಲ್ಲ ಕಂಬ ಸುತ್ತಿಸ್ತಾರೆ ನೋಡು" ಎಂದ.

ಮೇಷ್ಟ್ರು ಮೊದಲ ಜೋಡಿ ಸಾಲನ್ನು ಇಂಗ್ಲಿಷಿನಲ್ಲಿ ಓದಿದರು. ಚಪ್ಪಾಳೆ ಬಿತ್ತು.

"ಇದರ ಮೇಲರ್ಥ ಹೀಗಿದೆ. ಓ ಗುರುವೇ, ನೀನು ಸೂರ್ಯನಂತೆ ಬರುವೆ, ನಿನ್ನ ಹೆಜ್ಜೆಯ ಸದ್ದಿಗೆ ಕಾರಿಡಾರು ಎಚ್ಚರಗೊಳ್ಳುವುದು."

ಪ್ರಾಂಶುಪಾಲರು ಬೇಡ ಬೇಡ ಎಂಬಂತೆ ಕೈಯಾಡಿಸಿದರು. ಮೇಷ್ಟ್ರು ಪೀಪಿ ಊದಿದರು. ನಿರ್ದೇಶಕರು ಬೆಚ್ಚಿ ಎದ್ದರು.

"ಮಹನೀಯರೇ, ಮೋಸ ಹೋಗಬೇಡಿ. ಇದು ಗೇಲಿ. ಸೂರ್ಯನಂತೆ ಬರುವೆ ಅಂದ್ರೆ, ನೆತ್ತಿ ಸುಡುವ ಹೊತ್ತಿಗೆ ಬರುವೆ ಅಂತ. ಕಾರಿಡಾರು ಎಚ್ಚರಗೊಳ್ಳುವುದು ಅಂದ್ರೆ, ಅಲ್ಲೀವರೆಗೆ ಎಲ್ಲರೂ ಮಲಗಿದ್ರು ಅಂತ." ಕೆಂಪು ಕಾರ್ಡು ಮೇಲೆ ಹೋಯಿತು. ಹಿಂದಿನ ಸಾಲಿನ ವಿದ್ಯಾರ್ಥಿಗಳ ಕೈಯಲ್ಲೂ ಕೆಂಪು ಕಾರ್ಡುಗಳು ಎದ್ದವು.

ಮೊದಲು ಯಾರೋ ಒಬ್ಬರು ನಕ್ಕರು. ಸಿಬ್ಬಂದಿಯ ಸಾಲಿನಲ್ಲಿ ಕೆಲವರು ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು.

"ಎರಡನೇ ಜೋಡಿ. ನಿನ್ನ ಮೇಜಿನ ದೀಪ ಎಂದೂ ಆರದು, ನಿನ್ನ ಮೇಜಿಗೆ ಬಂದ ಅರ್ಜಿ ಬೇರೆ ಆಸರೆ ಬೇಡದು." ಪೀಪಿ. "ದೀಪ ಆರದು, ಯಾಕೆ? ಮನೆಗೆ ಹೋಗುವಾಗ ಆರಿಸೋದು ನೆನಪಿರೋಲ್ಲ. ಅರ್ಜಿ ಬೇರೆ ಆಸರೆ ಬೇಡದು, ಯಾಕೆ? ಅಲ್ಲಿಂದ ಅದು ಅಲುಗಾಡೋದೇ ಇಲ್ಲ. ನೋಡಿ ಈ ದ್ರೋಹಿ ಕವಿ ನಮ್ಮ ಸಾಹೇಬ್ರನ್ನ ಎಷ್ಟು ಹತ್ತಿರದಿಂದ ಬಲ್ಲವನು."

ಈಗ ನಗು ಶಾಮಿಯಾನದ ಹಗ್ಗ ಅಲ್ಲಾಡಿಸಿತು. ನಿರ್ದೇಶಕರ ನಿದ್ದೆ ಹಾರಿಹೋಗಿತ್ತು. ಅವರು ಹೊಟ್ಟೆ ಹಿಡಿದುಕೊಂಡು, "ಮುಂದೆ, ಮುಂದೆ" ಎಂದರು. ಪ್ರಾಂಶುಪಾಲರ ಮುಖದ ವಿನಯ ಒಣಗಿದ ಅಂಟಿನ ಹಾಗೆ ಬಿರುಕು ಬಿಟ್ಟಿತ್ತು. "ಮೇಷ್ಟ್ರೇ, ಸಾಕು" ಎಂದರು.

"ಇಲ್ಲ ಸಾರ್. ಏನೂ ಮುಚ್ಚಿಡ್ಬೇಡಿ ಅಂತ ನೀವೇ ಅಂದಿದೀರಿ. ಕೊನೇ ಜೋಡಿ." ಮೇಷ್ಟ್ರು ಚೌಕಟ್ಟಿನಿಂದ ಕಣ್ಣೆತ್ತಿ ಕಂಬಗಳ ಕಡೆ ನೋಡಿದರು. "ಬರಡು ಬಯಲನ್ನು ನೀನು ಅರಮನೆ ಮಾಡಿದೆ, ಅದರ ಛಾವಣಿಯಾಗಿ ಆಕಾಶವನ್ನೇ ಹೊದಿಸಿದೆ."

ಅವರು ಪೀಪಿ ಊದಲಿಲ್ಲ. ಕಾರ್ಡನ್ನೂ ಎತ್ತಲಿಲ್ಲ. ಪಕ್ಕದ ಕಂಬಕ್ಕೆ ಅಂಗೈ ಬಡಿದರು.

"ಬರಡು ಬಯಲಂತೆ. ಇದು ಬರಡಾಗಿತ್ತಾ? ಬೆಳಗಾದ್ರೆ ಇಲ್ಲಿ ಮಕ್ಕಳು ಓಡ್ತಿದ್ರು. ಬಿದ್ದು ಮಂಡಿ ತರಚ್ಕೊಂಡು ಎದ್ದು ಮತ್ತೆ ಓಡ್ತಿದ್ರು. ಈಗ ನಾಲ್ಕು ಕಂಬ, ಮೇಲೆ ಆಕಾಶ. ಛಾವಣಿಯಿಲ್ಲದ್ದಕ್ಕೆ ಈ ಕವಿ ಆಕಾಶಾನೇ ಛಾವಣಿ ಅಂತ ಆಡ್ಕೋತಾನೆ. ಗೇಲಿ ಬೇರೆ ಕೇಡು. ಯಾರ್ರೀ ಆ ಕವಿ? ಗಂಡಸಾದ್ರೆ ಎದ್ದು ನಿಲ್ಲಲಿ. ನಮ್ಮ ಸಾಹೇಬ್ರ ಕಾಲು ಹಿಡಿಸದೆ ಬಿಡೋಲ್ಲ ನಾನು."

ಸಭೆ ತಣ್ಣಗಾಯಿತು. ಯಾರೂ ಏಳಲಿಲ್ಲ. ಏಳಬೇಕಾದವರು ಎದುರಿಗೇ ದೊಡ್ಡ ಕುರ್ಚಿಯಲ್ಲಿ ಕೂತು ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡಿದ್ದರು.

"ಹೌದು, ಯಾರು ಬರೆದದ್ದು ಇದನ್ನ?" ಎಂದು ನಿರ್ದೇಶಕರು ಕೇಳಿದರು.

ಮೇಲಧಿಕಾರಿ ಕೇಳಿದ ಪ್ರಶ್ನೆಗೆ ಸುಳ್ಳು ಹೇಳುವುದನ್ನು ಗುಮಾಸ್ತರು ಇಡೀ ಸರ್ವಿಸಿನಲ್ಲಿ ಕಲಿತಿರಲಿಲ್ಲ. ಅವರು ಕಂಬದ ಮರೆಯಿಂದ ಎದ್ದು, "ಪ್ರಾಂಶುಪಾಲರೇ ಸಾರ್. ಅವರು ಹೇಳಿದ್ರು, ನಾನು ಟೈಪು ಮಾಡಿದೆ" ಎಂದು ಹೇಳಿ ಮತ್ತೆ ಕಂಬದ ಮರೆಗೆ ಹೋದರು.

ಮೇಷ್ಟ್ರ ಕೈಯಲ್ಲಿದ್ದ ಚೌಕಟ್ಟು ಓರೆಯಾಯಿತು. ಭಾಮೈದ ಮೇಲಿನ ಕಾಲು ಕೆಳಗಿಳಿಸಿದ. ಅವನ ಕಣ್ಣಿಗೆ ಭಾವ ಉಗ್ರಾಣದ ಬಾಗಿಲಲ್ಲಿ ಸ್ಟೂಲು ಹಾಕಿ ಕೂತದ್ದು ಆಗಲೇ ಕಾಣಿಸತೊಡಗಿತ್ತು.

ನಿರ್ದೇಶಕರು ನಿಧಾನವಾಗಿ ಎದ್ದರು. ಮೈಕಿನ ಹತ್ತಿರ ಬಂದು ಕನ್ನಡಕ ಒರೆಸಿಕೊಂಡರು.

"ಸ್ನೇಹಿತರೇ, ನಾನು ಇಂಥ ಸಮಾರಂಭಗಳಲ್ಲಿ ಮಲಗಿ ಮಲಗಿ ಮುದುಕನಾದೆ. ಎಲ್ಲಿ ಹೋದರೂ ಹೊಗಳಿಕೆ, ಹೊಗಳಿಕೆ. ತನ್ನ ತಪ್ಪನ್ನ ತಾನೇ ಪದ್ಯ ಕಟ್ಟಿ, ತನ್ನ ಪ್ರಶಸ್ತಿಯ ದಿನವೇ, ತನ್ನ ಕೈಕೆಳಗಿನವರ ಬಾಯಲ್ಲಿ ಹೇಳಿಸಿಕೊಂಡ ಮನುಷ್ಯನನ್ನ ಇವತ್ತೇ ನೋಡಿದ್ದು. ಇದಕ್ಕೆ ಗುಂಡಿಗೆ ಬೇಕು."

ಚಪ್ಪಾಳೆ ನಿಲ್ಲಲೇ ಇಲ್ಲ. ಸಿಬ್ಬಂದಿಯೆಲ್ಲ ಎದ್ದು ನಿಂತರು. ಕೆಲವರು ಭಕ್ತಿಯಿಂದ, ಉಳಿದವರು ಪ್ರಾಂಶುಪಾಲರ ಮುಖ ಸರಿಯಾಗಿ ಕಾಣಲಿ ಎಂದು. ಪ್ರಾಂಶುಪಾಲರು ಎದ್ದು ಎಲ್ಲ ಕಡೆಗೂ ಬಾಗಿದರು. ಬೇರೆ ಏನು ಮಾಡಲೂ ಅವರಿಗೆ ದಾರಿ ಇರಲಿಲ್ಲ.

"ಕವಿಯೇ ಒಪ್ಪಿಕೊಂಡ ಮೇಲೆ ಇನ್ನೇನು," ಎಂದರು ನಿರ್ದೇಶಕರು. "ಈ ಕಂಬಗಳನ್ನ ತೆಗೆಸಿ. ಗುಂಡಿ ಮುಚ್ಚಿಸಿ. ಮಕ್ಕಳಿಗೆ ಮೈದಾನ ವಾಪಸ್ ಕೊಡಿ. ನಾನು ಮತ್ತೆ ಬರ್ತೀನಿ, ನೋಡೋಕೆ. ಪ್ರಾಂಶುಪಾಲರಿಗೆ ಒಪ್ಪಿಗೆ ತಾನೇ?"

"ಅದೇ... ಅದೇ ಪದ್ಯದ ಆಶಯ ಸಾರ್," ಎಂದರು ಪ್ರಾಂಶುಪಾಲರು.

ಮೇಷ್ಟ್ರ ಕಣ್ಣು ತುಂಬಿತು. ಅವರು ವೇದಿಕೆ ದಾಟಿ ಹೋಗಿ ಪ್ರಾಂಶುಪಾಲರ ಎರಡೂ ಕೈ ಹಿಡಿದುಕೊಂಡರು.

"ಕ್ಷಮಿಸಿ ಸಾರ್. ನಾನು ಯಾರೋ ಶತ್ರು ಅಂದ್ಕೊಂಡೆ. ನೀವು ಇಷ್ಟು ದೊಡ್ಡ ಕವಿ ಅಂತ ನನಗೆ ಗೊತ್ತಿರ್ಲಿಲ್ಲ."

"ನನಗೂ ಗೊತ್ತಿರ್ಲಿಲ್ಲ," ಎಂದರು ಪ್ರಾಂಶುಪಾಲರು, ಹಲ್ಲು ಬಿಚ್ಚದೆ.

ಶಾಮಿಯಾನ ಖಾಲಿಯಾಗುವ ಹೊತ್ತಿಗೆ ಭಾಮೈದ ಹತ್ತಿರ ಬಂದ. ಅವನ ಬಾಯಲ್ಲಿ ಮಾತು ಹೊರಡುವುದು ತಡವಾಯಿತು. ಅವನ ಚರಿತ್ರೆಯಲ್ಲೇ ಅದು ಮೊದಲು.

"ಭಾವ, ನಿಮ್ಮಂಥ ವಿದ್ವಾಂಸರು ನಮ್ಮ ಕುಟುಂಬದಲ್ಲಿ ಇರೋದೇ ನಮಗೆ ಒಂದು ಹೆಮ್ಮೆ."

ಮೇಷ್ಟ್ರು ಅವನನ್ನು ಕೆಳಗಿನಿಂದ ಮೇಲಕ್ಕೆ ನೋಡಿದರು. ಮಾತು ದೊಡ್ಡದು. ಮುಖದಲ್ಲಿ ನಗು ಕಾಣಲಿಲ್ಲ. ಕೈ ಜೇಬಿಗೆ ಹೋಯಿತು, ಕೆಂಪು ಕಾರ್ಡಿನ ಮೂಲೆ ಅರ್ಧ ಹೊರಗೆ ಬಂತು, ಅಲ್ಲೇ ನಿಂತಿತು. ಇಷ್ಟು ಕಾಲ ಹುಡುಗರಿಗೆ ಕಲಿಸಿದ ಮನುಷ್ಯನಿಗೆ ಈಗ ತೀರ್ಪು ಹೊಳೆಯಲಿಲ್ಲ. ಅವರು ತಿರುಗಿ ಹೆಂಡತಿಯ ಕಡೆ ನೋಡಿದರು.

"ಲೇ, ಇದು ಯಾವ ಕಾಲದ್ದೇ?"

ಹೆಂಡತಿ ಸೆರಗಿನ ತುದಿಯಿಂದ ಗಂಡನ ಕೋಟಿಗೆ ಅಂಟಿದ್ದ ಕಂಬದ ಸಿಮೆಂಟು ಪುಡಿಯನ್ನು ಒರೆಸುತ್ತಿದ್ದಳು. ಅವಳ ಕಣ್ಣಂಚು ಒದ್ದೆಯಾಗಿತ್ತು. ಅದನ್ನು ಯಾರೂ ನೋಡಬಾರದೆಂದು ಸಿಡುಕಿನ ಮುಖ ಮಾಡಿಕೊಂಡಳು.

"ಕಾರ್ಡು ಒಳಗಿಡಿ. ಅವನದ್ದೂ ಹೊಳೆ ಕಾಲ, ನನ್ನದೂ ಹೊಳೆ ಕಾಲ. ಎಲ್ಲ ಮನಸಾರೆ, ಇವತ್ತೊಂದಿನ. ನಾಳೆ ಮೊಳೆ ಹೊಡೆಯೋಕೆ ಹೋಗಿ, ಆಮೇಲೆ ನೋಡೋಣ."

ಪೀಪಿ ಮೇಷ್ಟ್ರು ಕಾರ್ಡನ್ನು ಜೇಬಿನ ತಳಕ್ಕೆ ತುರುಕಿದರು. ಕೊರಳಿನ ಪೀಪಿ ಬಾಯಿಗಿಟ್ಟು ಉದ್ದಕ್ಕೆ ಊದಿದರು. ಕಂಬದ ಬುಡದಲ್ಲಿ ಮಲಗಿದ್ದ ನಾಯಿಗಳು, ಎಷ್ಟೋ ತಿಂಗಳ ಮೇಲೆ ಮೊದಲ ಸಲ, ಎದ್ದು ಓಡಿದವು.